ನಮ್ಮಮ್ಮನ ಕಕ್ಕಸನ್ನು ಕೊಡಲಿಯಿಂದ ಒಡೆದವಳು ನಾನೇ

ಮಾನ್ಯ ದುರಸ್ತಿ ಅಧಿಕಾರಿಗಳೇ,

ಹನ್ನೊಂದನೇ ನಂಬರಿನ ಸರ್ಕಾರಿ ಮನೆಯ ಕಮೋಡನ್ನು ಯಾರು ಒಡೆದರೆಂದು ನಿಮ್ಮ ವಸತಿ ಇಲಾಖೆ ಪೊಲೀಸರಿಂದ ತನಿಖೆ ಮಾಡಿಸುತ್ತಿದೆಯಂತೆ. ಪಾಪ, ಅಷ್ಟೊಂದು ಕಷ್ಟ ಯಾಕೆ? ಒಡೆದವಳು ನಾನು. ಏಳು ಪೆಟ್ಟು ಹಾಕಿದೆ. ಮೂರನೆಯದಕ್ಕೇ ಅದು ಹೋಳಾಗಿತ್ತು, ಮಿಕ್ಕ ನಾಲ್ಕನ್ನು ನಿಮ್ಮನ್ನು ನೆನೆದು ಹಾಕಿದೆ. ಕೊಡಲಿಗೆ ಆಗಲೇ ರಕ್ತ ಹತ್ತಿತ್ತು. ಅದು ಯಾವ ರಕ್ತ ಎಂದು ನಿಮ್ಮ ತನಿಖೆ ಕೇಳಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಆ ಮನೆಯಲ್ಲಿರುವುದು ನಮ್ಮಮ್ಮ ಮತ್ತು ಮೊಮ್ಮಕ್ಕಳು. ಮಾರ್ಚಿನಲ್ಲಿ ಕಕ್ಕಸು ಕಟ್ಟಿಕೊಂಡಿತು. ಫ್ಲಷ್ ಎಳೆದರೆ ಹೊಲಸು ಬಚ್ಚಲಿನಲ್ಲಿ ಮೇಲೇಳುತ್ತಿತ್ತು. ನಾನು ನಿಮ್ಮ ಕಚೇರಿಗೆ ಫೋನು ಮಾಡಿದೆ.

"ಕಟ್ಕೊಂಡಿದ್ಯಾ, ಒಡ್ದಿದ್ಯಾ ಮೇಡಂ?" ಎಂದ ನಿಮ್ಮ ಗುಮಾಸ್ತ.

"ಕಟ್ಕೊಂಡಿದೆ."

"ಹಾಗಾದ್ರೆ ಆರು ವಾರ. ಒಡ್ದಿದ್ರೆ ಒಂದೇ ದಿನ, ತುರ್ತು ಅಂತ ಹಾಕ್ತೀವಿ."

ಆರು ವಾರಕ್ಕೆ ಪ್ಲಂಬರ್ ಬಂದ, ಸುಳ್ಳು ಹೇಳುವುದಿಲ್ಲ. ಮುನ್ನೂರು ಕಿಲೋಮೀಟರ್ ಕೆಂಪು ಧೂಳು ಕುಡಿದುಕೊಂಡೇ ಬಂದ. ಆದರೆ ನಿಮ್ಮ ನಿಯಮದ ಪ್ರಕಾರ ಅವನ ಪಕ್ಕದಲ್ಲಿ ನಮ್ಮೂರಿನವನೊಬ್ಬ ನಿಂತಿರಲೇಬೇಕು, ಮತ್ತು ಆ ನೌಕರಿ ಇರುವುದು ನನ್ನ ಗಂಡ ಸೆಲ್ವಿನ್‌ಗೆ. ಈ ಮರುಭೂಮಿಯ ಮೂಲನಿವಾಸಿಗಳಾದ ನಮ್ಮಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ಮಾತಾಡುವಂತಿಲ್ಲ, ಒಂದು ಸೂರಿನ ಕೆಳಗೆ ನಿಲ್ಲುವಂತಿಲ್ಲ. ಅದು ಜಗಳವಲ್ಲ ಸ್ವಾಮಿ, ಮರ್ಯಾದೆ. ಗಾಡಿಯಲ್ಲಿ ಅಳಿಯನ ಟೋಪಿ ಕಂಡದ್ದೇ ತಡ, ಅಮ್ಮ ಬಾಗಿಲಿಗೆ ಚಿಲಕ ಹಾಕಿ, ಕಂಬಳಿ ಹೊದ್ದು ಒಳಕೋಣೆ ಸೇರಿದಳು. ಪ್ಲಂಬರ್ ಬಾಗಿಲು ತಟ್ಟಿದ. ಸೆಲ್ವಿನ್ ಬೆನ್ನು ತಿರುಗಿಸಿ ನಿಂತಿದ್ದ.

"ಅತ್ತೆ ಒಳಗಿದಾರೆ. ನಾನು ಇರೋವಾಗ ಮಾತಾಡಲ್ಲ. ನಾನು ಆ ಕಡೆ ಹೋಗ್ತೀನಿ, ನೀನು ಕೂಗಣ್ಣ."

"ನೀನು ಪಕ್ಕದಲ್ಲಿ ಇಲ್ದೆ ನಾನು ಸಾಮಾನು ಇಳಿಸೋ ಹಾಗಿಲ್ಲ ಮಾರಾಯ. ನೀನೇ ಕೂಗು."

"ನಾನು ಕೂಗೋ ಹಾಗಿಲ್ಲ."

"ಮತ್ತೆ ಏನಂತ ಬರೀಲಿ? ನಿಮ್ಮತ್ತೆ ನಾಚ್ಕೊಂಡ್ರು ಅಂತ್ಲಾ? ಅದಕ್ಕೆ ಕಾಲಂ ಇಲ್ಲ ಇದ್ರಲ್ಲಿ."

ಹಾಗೆಂದವನು 'ಮನೆಯಲ್ಲಿ ಯಾರೂ ಇಲ್ಲ, ಕೆಲಸ ರದ್ದು' ಎಂದು ಬರೆದು ಹೊರಟುಹೋದ. ಆ ಹೊತ್ತಿಗೆ ನಾನು ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದೆ, ಅಮ್ಮನ ಮೊಮ್ಮಕ್ಕಳೂ ಅಲ್ಲೇ ಇದ್ದರು. ಪ್ಲಂಬರ್ ಜೊತೆ ಬೇರೆ ಯಾರನ್ನಾದರೂ ಕಳಿಸಿ, ಇಲ್ಲವೇ ಬರುವ ದಿನವನ್ನಾದರೂ ತಿಳಿಸಿ ಎಂದು ನಿಮಗೆ ಕಾಗದ ಬರೆದೆ. 'ಬಾಡಿಗೆದಾರರ ಕೌಟುಂಬಿಕ ಕಲಹಗಳಿಗೆ ಇಲಾಖೆ ಹೊಣೆಯಲ್ಲ' ಎಂದು ತಾವೇ ರುಜು ಹಾಕಿ ಉತ್ತರಿಸಿದಿರಿ. ಮರ್ಯಾದೆಯನ್ನು ಕಲಹವೆಂದು ಓದುವ ಎಂಥ ಘನವಾದ ಕನ್ನಡಕ ತಮ್ಮದು! ಮತ್ತೆ ಆರು ವಾರ. ಮತ್ತೆ ಅದೇ ಗಾಡಿ, ಅದೇ ಟೋಪಿ, ಅದೇ ಬರಹ.

ಈ ಹನ್ನೆರಡು ವಾರ ಮುದುಕಿ ಎಲ್ಲಿಗೆ ಹೋಗಬೇಕಿತ್ತು? ಎದುರು ಮನೆ ನನ್ನದು, ಪಕ್ಕದ್ದು ನನ್ನ ತಂಗಿಯದು. ಎರಡರಲ್ಲೂ ಅಳಿಯಂದಿರು. ಅಮ್ಮ ಚಹಾ ಬಿಟ್ಟಳು, ನೀರು ಬಿಟ್ಟಳು, ಕೊನೆಗೆ ಕೋಲೂರಿಕೊಂಡು ಬೇಲಿಯಾಚೆಯ ಮುಳ್ಳುಹುಲ್ಲಿನ ಮರೆಗೆ ಹೋಗತೊಡಗಿದಳು. ಜೂನ್ ತಿಂಗಳ ಒಂದು ಬೆಳಗ್ಗೆ, ಬಿಸಿಲು ಚೆನ್ನಾಗಿ ಏರಿದ್ದಾಗ, ಅಲ್ಲಿ ಕೂತಿದ್ದವಳ ಮೇಲೆ ಐದು ನಾಯಿಗಳು ಬಿದ್ದವು. ನಾನು ಸೌದೆ ಒಡೆಯುತ್ತಿದ್ದವಳು ಕೂಗು ಕೇಳಿ ಕೊಡಲಿ ಸಮೇತ ಓಡಿದೆ. ಒಂದರ ಬೆನ್ನು ಮುರಿದೆ. ಇನ್ನೊಂದರ ತಲೆ ಸೀಳಿದೆ; ಅದು ನಾನೇ ಅನ್ನ ಹಾಕಿ ಸಾಕಿದ್ದ ನಾಯಿ. ಮೂರನೆಯದು ಅಮ್ಮನ ಮೀನಖಂಡ ಕಚ್ಚಿಕೊಂಡು ಎಳೆದಾಡುತ್ತಿತ್ತು. ಕತ್ತು ಕಡಿದ ಮೇಲೂ ದವಡೆ ಸಡಿಲಲಿಲ್ಲ, ಕೊಡಲಿಯ ಕಾವಿನಿಂದ ಮೀಟಿ ಬಿಡಿಸಿದೆ. ಮಿಕ್ಕ ಎರಡು ಓಡಿಹೋದವು. ಅಮ್ಮ ಆ ಸ್ಥಿತಿಯಲ್ಲೂ ಚೀರಿದ್ದು ಒಂದೇ ಮಾತು: "ಲಂಗ ಎಳೀ ಮಗಳೇ, ಯಾರಾದ್ರೂ ನೋಡ್ತಾರೆ."

ದೂರದೂರುಗಳ ರೋಗಿಗಳಿಗೆಂದೇ ಇರುವ ಡಾಕ್ಟರ ವಿಮಾನ ಅವಳನ್ನು ಪಟ್ಟಣಕ್ಕೆ ಒಯ್ದಿತು. ಮಂಡಿಯ ಕೆಳಗೆ ಕಾಲು ತೆಗೆದರು. ಅಂದು ವಿಮಾನ ಕಣ್ಮರೆಯಾಗುತ್ತಲೇ ನಾನು ನೆಟ್ಟಗೆ ಆ ಕಕ್ಕಸಿಗೆ ಹೋದೆ. ಒಡೆದಿದ್ದರೆ ಒಂದೇ ದಿನ ಎಂದು ನಿಮ್ಮವನೇ ಹೇಳಿದ್ದನಲ್ಲ? ಹೇಳಿದ ಹಾಗೇ ಆಯಿತು. ಮರುದಿನ ನಾಲ್ವರು ಬಂದರು. ಇಬ್ಬರು ಪ್ಲಂಬರ್‌ಗಳು, ಫೋಟೋ ತೆಗೆಯುವವನೊಬ್ಬ, ಪೊಲೀಸಿನವನೊಬ್ಬ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಲು ಎಷ್ಟು ಜನ ನೋಡಿ! ಚೂರುಗಳನ್ನು ಸಾಕ್ಷಿಗೆಂದು ಚೀಲಕ್ಕೆ ತುಂಬಿ, ಅಲ್ಲೇ ಬಿದ್ದಿದ್ದ ನನ್ನ ಕೊಡಲಿಯನ್ನೂ ತೆಗೆದುಕೊಂಡು, ಕೊಳವೆಯ ಬಾಯಿಗೆ ಮುಚ್ಚಳ ಬಡಿದು ಹೋದರು.

ಇನ್ನೊಂದು ಅಪರಾಧವನ್ನೂ ಒಪ್ಪಿಕೊಳ್ಳುತ್ತೇನೆ. ಅಮ್ಮ ಇಲ್ಲದ ಮನೆಗೆ ಅಳಿಯ ಕಾಲಿಡಬಹುದು. ಸೆಲ್ವಿನ್ ಒಳಗೆ ಹೋಗಿ, ಮುಚ್ಚಳ ಕಿತ್ತು, ಸರಳಿನ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಕೊಳವೆಯೊಳಗೆ ಬಿಟ್ಟ. ಬಂದದ್ದೇನು ಗೊತ್ತೆ? ಗಟ್ಟಿಯಾದ ಸಿಮೆಂಟಿನ ಉಂಡೆ, ಅದರಲ್ಲಿ ಸಿಕ್ಕಿಕೊಂಡ ರಬ್ಬರಿನ ಕೈಗವಸು. ಮನೆ ಕಟ್ಟಿದ ನಿಮ್ಮ ಗುತ್ತಿಗೆದಾರರು ಬಿಟ್ಟುಹೋದ ಉಡುಗೊರೆ. ಮುಕ್ಕಾಲು ಗಂಟೆಯ ಕೆಲಸ. ಪಾಳುಬಿದ್ದ ಹಳೇ ಕ್ವಾರ್ಟರ್ಸಿನಿಂದ ಕಮೋಡು ತಂದು ಕೂರಿಸಿದ. ಈಗ ನೀರು ಸರಾಗವಾಗಿ ಹೋಗುತ್ತದೆ. ಆದರೆ ಲೈಸೆನ್ಸಿಲ್ಲದ ಕೈ ಮುಟ್ಟಿದ್ದರಿಂದ ಅದು ಕಾನೂನಿನ ಕಣ್ಣಿಗೆ ಕಕ್ಕಸೇ ಅಲ್ಲವಂತೆ. 'ಕಕ್ಕಸು ಸರಿಯಿದೆ' ಎಂಬ ನಿಮ್ಮ ರುಜು ಬಾರದೆ ಆಸ್ಪತ್ರೆಯವರು ಅಮ್ಮನನ್ನು ಮನೆಗೆ ಕಳಿಸುವುದಿಲ್ಲವಂತೆ.

ಅಮ್ಮ ನಿನ್ನೆ ಫೋನಿನಲ್ಲಿ ಅತ್ತಳು. "ಇಲ್ಲಿ ಗಂಡಸ್ರು ಬಂದು ನನ್ನ ತೊಳೀತಾರೆ ಕಣೇ. ಕರ್ಕೊಂಡ್ಹೋಗು. ಇಲ್ಲಾಂದ್ರೆ ಆ ನಾಯಿಗಳ ಪಕ್ಕದಲ್ಲೇ ನನ್ನೂ ಹೂತ್ಬಿಡು." ಅವಳು ಊಟ ಬಿಟ್ಟು ನಾಲ್ಕು ದಿನವಾಯಿತು. ಹೊರಕ್ಕೆ ಹೋಗುವ ಪ್ರಸಂಗವೇ ಬಾರದಿರಲಿ ಎಂದು.

ಗುರುವಾರ ಪಟ್ಟಣದಿಂದ ನಮ್ಮೂರಿಗೆ ವಿಮಾನವಿದೆ, ಅಮ್ಮ ಅದರಲ್ಲಿ ಬರಬೇಕು. ಅದಕ್ಕೆ ಮುಂಚೆ ತಾವೇ ಬನ್ನಿ, ನಿಮ್ಮ ಕೈಯಾರೆ ಫ್ಲಷ್ ಎಳೆಯಿರಿ, ರುಜು ಹಾಕಿ. ನನ್ನ ಮೇಲೆ ಕೇಸು ನಡೆಯಲಿ, ಜೈಲಿಗೆ ಹಾಕಿ, ಚಿಂತೆಯಿಲ್ಲ. ಆದರೆ ಕಮೋಡು ಕೀಳಲು ಬಂದವರ ಕೈ ಮುರಿಯುತ್ತೇನೆ. ಇದನ್ನು ಬೆದರಿಕೆ ಎಂದೇ ಬರೆದುಕೊಳ್ಳಿ, ಅದಕ್ಕೆ ನಿಮ್ಮಲ್ಲಿ ಕಾಲಂ ಇದ್ದೇ ಇರುತ್ತದೆ. ಅದನ್ನು ಕೂರಿಸಿದ ದಿನ, ಕೊನೆಯ ತಿರುಪು ಬಿಗಿದು ಸೆಲ್ವಿನ್ ನೆಲ ಒರೆಸಿದ, ತನ್ನ ಹೆಜ್ಜೆ ಗುರುತು ಒಂದೂ ಉಳಿಯದ ಹಾಗೆ. "ನಾನು ಬಂದಿದ್ದೆ ಅಂತ ಅತ್ತೆಗೆ ಹೇಳ್ಬೇಡ. ಆ ಕಕ್ಕಸಿಗೂ ಹೋಗಲ್ಲ ಅಂದ್ಬಿಟ್ಟಾರು" ಎಂದ.

ಇಂತಿ,
ಇನ್ನು ಮೇಲೆ ತಮಗೆ ವಿಧೇಯಳಲ್ಲದ
ಲೊರೇನ್ ನಂಗಾಲ, ಶಾಲೆಯ ಅಡುಗೆಯವಳು
(ವಿಳಾಸ: ಅಮ್ಮ ಬರುವ ತನಕ ಹನ್ನೊಂದನೇ ನಂಬರಿನ ಮನೆಯ ಹೊಸ್ತಿಲು)