ಬೆಂಚಿಲ್ಲದ ಕೋಣೆ

ಜನವರಿ 9, ಬೆಳಿಗ್ಗೆ

ಮೊಣಕಾಲಿಗೆ ಎಣ್ಣೆ ಹಚ್ಚಿದ್ದಾಯಿತು. ಕಾಫಿ ಲೋಟ ಇಡಲು ಮೇಜಿನ ಮೇಲೆ ಜಾಗವಿಲ್ಲ — ಮೊಮ್ಮಗಳ ರಟ್ಟಿನ ಕೋಣೆ ಕೂತಿದೆ. ಮ್ಯೂಸಿಯಂನಲ್ಲಿ ನನ್ನ ಮಗಳ ಚಿತ್ರಗಳ ಪ್ರದರ್ಶನವಂತೆ. ಇಷ್ಟು ವರ್ಷ ಬೀದಿ ಗೋಡೆಗೆ ಬಣ್ಣ ಬಳಿದವಳು. ಕೋಣೆ ಹೇಗಿರಬೇಕೆಂದು ಗೊತ್ತುಮಾಡುವ ಕೆಲಸ ಅವಳ ಮಗಳಿಗೇ ಬಂದಿದೆ. ಸದಾ ಕೈಯಲ್ಲಿ ಅಳತೆ ಟೇಪು. ಟೇಪಮ್ಮ ಎಂದು ಕರೆಯುತ್ತೇನೆ.

ರಟ್ಟಿನ ಕೋಣೆಯಲ್ಲಿ ಕಾಗದದ ಜನ ನಿಂತಿದ್ದಾರೆ. ಒಬ್ಬರಿಗೂ ಕಾಲುನೋವಿಲ್ಲ, ಪುಣ್ಯವಂತರು.

ಜನವರಿ 12, ಸಂಜೆ

ಟೆರೇಸಿನ ತುಂಬ ಸೀಮೆಸುಣ್ಣದ ಗೆರೆ. ಇದು ಗೋಡೆ, ಇದು ತಿರುವು. ನೋಡಲು ಬಂದವಳ ಹಾಗೆ ನಡಿ ಎಂದಳು ಟೇಪಮ್ಮ. ನಡೆದೆ. ಎರಡನೇ ತಿರುವಿನಲ್ಲಿ ಆಗಲಿಲ್ಲ, ನೀರಿನ ಟ್ಯಾಂಕಿಗೆ ಒರಗಿದೆ.

"ಅಜ್ಜಿ, ಅಲ್ಲಿ ಟ್ಯಾಂಕ್ ಇರಲ್ಲ."

"ಹಾಗಾದ್ರೆ ನಾನೂ ಇರಲ್ಲ."

ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅಲ್ಲೊಂದು ಬೆಂಚ್ ಬರೆದಳು.

ಜನವರಿ 13

ಮಗಳು ಬಂದು ನೋಡಿ ಆ ಬೆಂಚನ್ನು ಚಪ್ಪಲಿಯಲ್ಲೇ ಉಜ್ಜಿ ಅಳಿಸಿದಳು.

"ಬೀದಿಯಲ್ಲಿ ನನ್ನ ಚಿತ್ರದ ಮುಂದೆ ಯಾರು ಬೆಂಚ್ ಹಾಕಿದ್ರು? ನಡೀತಾ ನೋಡ್ಬೇಕು. ಕೂರಿಸಿದ್ರೆ ಮೊಬೈಲ್ ನೋಡ್ತಾರೆ."

"ಅಜ್ಜಿ ಏನು ಮಾಡ್ಬೇಕಮ್ಮ?"

"ಅಲ್ಲಿ ಗಾಲಿಕುರ್ಚಿ ಕೊಡ್ತಾರಲ್ಲ."

"ಅದರಲ್ಲಿ ಬಂದ್ರೆ ಜನ ನಿನ್ನ ಚಿತ್ರ ಬಿಟ್ಟು ನನ್ನನ್ನೇ ನೋಡ್ತಾರೆ ಕಣೇ," ಎಂದೆ.

ಯಾರೂ ನಗಲಿಲ್ಲ.

ಜನವರಿ 19

ತಾಯಿಗೂ ಮಗಳಿಗೂ ಮಾತಿಲ್ಲ. ಒಬ್ಬಳು ಊಟಕ್ಕೆ ಕೂತರೆ ಇನ್ನೊಬ್ಬಳಿಗೆ ಹಸಿವಿಲ್ಲ. ಮಧ್ಯೆ ನಾನು, ಪೋಸ್ಟ್‌ಮ್ಯಾನ್.

ಈ ಮಗಳ ಒಂದು ಚಿತ್ರವನ್ನೂ ಎದುರಿಗೆ ನೋಡಿಲ್ಲ ನಾನು. ಸೇತುವೆ ಕೆಳಗೆ, ಮೆಟ್ಟಿಲಿಳಿದು ಹೋಗುವ ದಾರಿಯಲ್ಲಿ ಬರೆಯುತ್ತಿದ್ದಳು. ಈ ಕಾಲು ಎಳೆದುಕೊಂಡು ಹೋಗೋಣವೆನ್ನುವಷ್ಟರಲ್ಲಿ ಯಾರೋ ಸುಣ್ಣ ಬಳಿದಾಗಿರುತ್ತಿತ್ತು. ಕಂಡದ್ದೆಲ್ಲ ಫೋನಿನಲ್ಲಿ, ಹೆಬ್ಬೆರಳಿನಷ್ಟು.

ನೋಡಬೇಕು. ಆಸೆ ಇದೆ... ಆದರೆ ನನ್ನ ಮೊಣಕಾಲಿಗಾಗಿ ಅವರಿಬ್ಬರು ಮುಖ ತಿರುಗಿಸಿಕೊಂಡು ಓಡಾಡುವುದು ಬೇಡ.

ಜನವರಿ 20

ಹೇಳಿಬಿಟ್ಟೆ. ನಾನು ಬರಲ್ಲ, ಫೋಟೊ ತೋರಿಸಿ ಸಾಕು ಎಂದು. ಟೇಪಮ್ಮ ಅತ್ತಳು. ಮಗಳು ತಟ್ಟೆ ಹಾಗೇ ಬಿಟ್ಟು ಎದ್ದು ಹೋದಳು. ಅವಳಪ್ಪನ ಹಟ. ಇರಲಿ, ನನ್ನದೂ ಚೂರು.

ಫೆಬ್ರವರಿ 16

ಮಗಳು ಕೈಯೆಲ್ಲ ಸಿಮೆಂಟು ಮಾಡಿಕೊಂಡು ಬಂದಳು. ನೆಟ್ಟಗೆ ಹೋಗಿ ತನ್ನ ಮಗಳ ಮುಂದೆ ನಿಂತು, "ಟೇಪ್ ಕೊಡೇ," ಎಂದಳು. ಅಷ್ಟೇ. ಮಾತು ಶುರುವಾಯಿತು.

ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಪಾದದಿಂದ ಮೊಣಕಾಲಿಗೆ ಅಳೆದಳು. ನೆಲದಿಂದ ಕಣ್ಣಿಗೆ ಅಳೆದಳು.

"ಏನೇ, ನನ್ನ ಪ್ರತಿಮೆ ನಿಲ್ಲಿಸ್ತೀಯಾ?"

"ಅಲ್ಲಾಡ್ಬೇಡಮ್ಮ."

ಮಾರ್ಚ್ 2, ಮಧ್ಯಾಹ್ನ

ಬೆಳಿಗ್ಗೆ ಮ್ಯೂಸಿಯಂ ಬಾಗಿಲು ತೆಗೆಯುವ ಮೊದಲೇ ಮಗಳು ಕೈಹಿಡಿದು ಕರೆದುಕೊಂಡು ಹೋದಳು. ಒಂದು ತಿರುವು ದಾಟಿದೆವು. ಎರಡನೇದರಲ್ಲಿ ಕಾಲು ಕೈಕೊಟ್ಟಿತು. ಅಲ್ಲಿ ಗೋಡೆಯ ಬುಡಕ್ಕೆ ಮೆಟ್ಟಿಲು. ಮುಚ್ಚಿದ ಅಂಗಡಿಯ ಮುಂದಿರುತ್ತದಲ್ಲ, ಅಂಚು ಸವೆದದ್ದು, ಹಾಗೆ.

"ಬೆಂಚ್ ಬೇಡ ಅಂದಿದ್ದೆ ನೀನು."

"ಬೆಂಚಲ್ಲ ಅದು. ಬಣ್ಣ ಒಣಗೋವರೆಗೂ ಇಂಥ ಮೆಟ್ಟಿಲ ಮೇಲೇ ಕೂರ್ತಿದ್ದೆ. ನಾನೇ ಕೂರ್ತಿದ್ದದ್ದು ನಂಗೆ ಮರ್ತುಹೋಗಿತ್ತಮ್ಮ."

ಕೂತೆ. ಪಾದ ನೆಲಕ್ಕೆ ಸರಿಯಾಗಿ ಮುಟ್ಟಿತು. ತಲೆಯೆತ್ತಿದರೆ ಎದುರು ಗೋಡೆ ತುಂಬ ಬೀದಿ — ಕೂತವರ ಕಣ್ಣಿಗೆ ಕಾಣುವ ಬೀದಿ. ಬರೀ ಕಾಲುಗಳು, ಚೀಲಗಳು, ಗಾಲಿಗಳು. ಎಲ್ಲರಿಗಿಂತ ಮುಂದೆ ಒಂದು ಜೊತೆ ಹೆಂಗಸಿನ ಕಾಲು. ಸೀರೆಯ ಅಂಚು ಹಾರುತ್ತಿದೆ, ಹಿಮ್ಮಡಿ ನೆಲಕ್ಕೆ ತಾಗಿಲ್ಲ. ಆ ಹಸಿರು ಅಂಚು ನನಗೆ ಗೊತ್ತು. ಹಿಂದೆ ಚೀಲದ ಹಿಡಿ ಹಿಡಿದು ಓಡುತ್ತಿರುವ ಒಂದು ಮಗು. ಅದರ ಮುಖ ಮಾತ್ರ ಪೂರ್ತಿ.

ಆ ಅಂಚಿಗೆ ಬೆರಳು ತೋರಿಸಿದೆ.

"ಇಷ್ಟು ಜೋರಾಗಿ ನಡೀತಿದ್ದೆ ನೀನು," ಎಂದಳು. "ಓಡಿ ಓಡಿ ಸುಸ್ತಾಗ್ತಿತ್ತು ನಂಗೆ."

"ಕಾಲು ಸ್ವಲ್ಪ ದಪ್ಪ ಬರೆದಿದ್ದೀಯ."

"ಇತ್ತಮ್ಮ ದಪ್ಪ."

ಪಕ್ಕದಲ್ಲಿ ಕೂತಳು. ನನ್ನ ಮೊಣಕಾಲ ಮೇಲೆ ಕೈಯಿಟ್ಟಳು, ನೀಲಿ ಮೆತ್ತಿದ ಕೈ. ಟೇಪಮ್ಮ ಬಂದು, ಜನ ಬರ್ತಿದ್ದಾರೆ, ಏಳಿ ಏಳಿ ಎಂದಳು. ನಾವಿಬ್ಬರೂ ಸರಿದು ಅವಳಿಗೂ ಜಾಗ ಮಾಡಿದೆವು.