ಹಿಟ್ ಎಂದರೆ ಯಾವ ಏಟು

ಮಾರ್ಚ್ ೧೧, ಮಂಗಳವಾರ. ಸವಳಂಗ.

ಬಲಪಕ್ಕೆ ಇನ್ನೂ ನೋಯುತ್ತಿದೆ. ಬಿಸ್ಮಿಲ್ಲಾ ಚಾಚಿ ಒದ್ದದ್ದು.

ಪೋಲೆಂಡಿನ ಪ್ಯಾಕಿಂಗ್ ಕೆಲಸ ಬಿಟ್ಟು ಬಂದ ಮೇಲೆ ಪೋಲಿಷ್ ಭಾಷೆ ಮತ್ತೆ ಬೇಕಾಗುತ್ತದೆ ಎಂದುಕೊಂಡಿರಲಿಲ್ಲ. ನಾನು ದುಡಿದ ಆ ಪ್ಯಾಕಿಂಗ್ ಶೆಡ್ಡಿನಲ್ಲೇ ಈಗ ಚಾಚಿಯ ಮಗ ಇಲಿಯಾಸ್‌ಗೆ ಸೂಪರ್‌ವೈಸರ್ ಹೊಡೆದಿದ್ದಾನೆ. ಪೊಲೀಸರಿಗೆ ಕೊಡಲು ಇಲಿಯಾಸ್ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದು ಒಂದೇ ಸಾಲು: ಸೂಪರ್‌ವೈಸರ್ ಹಿಟ್ ಮಿ. ಅದನ್ನು ಪೋಲಿಷ್‌ಗೆ ಮಾಡಿಕೊಡು ಎಂದು ಚಾಚಿ ಬಂದಿದ್ದಳು.

"ಹೆಂಗೆ ಹೊಡ್ದ ಚಾಚಿ? ಕೆನ್ನೆಗಾ, ಗುದ್ದಿದ್ನಾ? ಆ ಭಾಷೇಲಿ ಒಂದೊಂದು ಏಟಿಗೂ ಬ್ಯಾರೆ ಬ್ಯಾರೆ ಮಾತೈತೆ," ಎಂದೆ. ಹಾಳು ಬಾಯಿ ನನ್ನದು.

"ಮಗ ಫೋನಲ್ಲಿ ಎಲ್ಲಾ ಹೇಳ್ಯಾನೆ. ಹೆಂಗೆ ಅಂತ ತೋರಿಸ್ಲಾ?" ಎಂದವಳೇ ನನ್ನ ಜಡೆ ಹಿಡಿದು ನೆಲಕ್ಕೆ ಕೆಡವಿದಳು. ಬೆನ್ನಿಗೆ ಗುದ್ದಿದಳು. ಏಳಲು ನೋಡಿದರೆ ಪಕ್ಕೆಗೆ ಒದ್ದಳು. "ಬಿದ್ದ ಮ್ಯಾಲೂ ಬಿಡ್ಲಿಲ್ಲ ಕಣೇ! ಬರಿ, ಇದನ್ನ ಬರಿ!"

ಬರೆದೆ. ಹಿಟ್ ಎಂಬುದಕ್ಕೆ ಮೊದಲು ಹಾಕಿದ್ದ ಸಾದಾ ಮಾತನ್ನು ಅಳಿಸಿ 'ಸ್ಕೋಪಾವ್' ಎಂದು ಹಾಕಿದೆ. ಮೈಮೇಲೆಲ್ಲ ಒದ್ದು ಹಣ್ಣು ಮಾಡಿದ ಎಂದು ಅದರ ಅರ್ಥ. ಚಾಚಿ ಗೋಡೆಗೊರಗಿ ಕೂತು ತನ್ನ ಕಾಲನ್ನೇ ನೋಡುತ್ತಿದ್ದಳು.

ಅವಳ ಮೇಲೆ ಸಿಟ್ಟು ಬರುತ್ತಿಲ್ಲ. ಆ ಸೂಪರ್‌ವೈಸರ್‌ನ ಹಲ್ಲು ಒಂದೊಂದಾಗಿ ಉದುರಿಸಬೇಕು ಅನಿಸುತ್ತಿದೆ. ಚಾಚಿ ಒದ್ದದ್ದು ಬರಿಗಾಲಲ್ಲಿ, ಆದರೂ ಮಗ್ಗುಲು ಬದಲಿಸಲೂ ಆಗುತ್ತಿಲ್ಲ ನನಗೆ. ಅವನು ಒದ್ದದ್ದು ಆ ಶೆಡ್ಡಿನ ಬೂಟುಗಾಲಲ್ಲಿ. ಆ ಬೂಟನ್ನು ನಾನೂ ಹಾಕಿದ್ದೇನೆ. ಮೂತಿಯೊಳಗೆ ಕಬ್ಬಿಣ ಇರುತ್ತದೆ.