ಒದ್ದೆ ಬೀನ್ಸ್

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಎನ್ನಬಹುದು, ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀನು ನಗುತ್ತೀಯ. ಮಗು ಹೇಗಿದ್ದಾಳೆ? ಹೊಲಿಗೆ ಯಂತ್ರದ ಮುಂದೆ ಕೂತೂ ಕೂತೂ ಬೆನ್ನು ಹಿಡಿದುಕೊಂಡಿದೆ ಎಂದು ನೀನು ಬರೆದಿದ್ದೆ. ಓದಿ ಸಂಕಟವಾಯಿತು.

ನಮ್ಮ ಕ್ಯಾಂಟೀನಿನಲ್ಲಿ ಶುಕ್ರವಾರ ಬಂತೆಂದರೆ ನೀನು ಕಲಿಸಿದ ಚೈನೀಸ್ ಬೀನ್ಸೇ. ಕಾಯನ್ನು ಬೆರಳುದ್ದ ಮುರಿದು, ನೀರಿನ ಪಸೆ ಇಲ್ಲದಂತೆ ಒರೆಸಿ, ಕಾದ ಬಾಣಲೆಯಲ್ಲಿ ಸಿಪ್ಪೆ ಸುಕ್ಕಾಗುವವರೆಗೆ ಹುರಿಯುವುದು. ಕೊನೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂದು ಚಮಚ ಸೋಯಾ ಸಾಸ್. ಅಷ್ಟಕ್ಕೇ ಜನ ಸಾಲುಗಟ್ಟುತ್ತಾರೆ. ಮೊನ್ನೆ ಹಿರಿಯ ಬಾಣಸಿಗರು ಬಾಯಿ ಚಪ್ಪರಿಸಿ, "ಇದನ್ನ ಯಾರಮ್ಮ ಕಲಿಸಿದ್ದು ನಿಂಗೆ?" ಅಂದರು.

"ನನ್ನ ತಂಗಿ."

"ಯಾರು, ಅವತ್ತು ಕೆಲಸದ ಪರೀಕ್ಷೇಲಿ ಬೀನ್ಸನ್ನ ಪಿಚಪಿಚ ಮಾಡಿಟ್ಲಲ್ಲ, ಅವಳಾ?" ಎಂದು ನಕ್ಕರು. ಎಲ್ಲರೂ ನಕ್ಕರು. ನೆಲ ಬಾಯಿ ಬಿಡಬಾರದೇ ಎನ್ನಿಸಿತು ನನಗೆ.

ಪುಟ್ಟೀ, ಅದು ನಿನ್ನ ತಪ್ಪಲ್ಲ. ಇದ್ದದ್ದು ಒಂದೇ ಕೆಲಸ, ಹೋದವರು ನಾವಿಬ್ಬರು. ನಿನ್ನ ಕೈರುಚಿಯ ಮುಂದೆ ನನ್ನದು ನಡೆಯುವುದಿಲ್ಲ ಎಂದು ಗೊತ್ತಿತ್ತು. ನೀನು ಕಾಯಿ ಒರೆಸಿ, ಬಟ್ಟೆ ಮುಚ್ಚಿಟ್ಟು, ಏಪ್ರನ್ ತರಲು ಹೋದಾಗ ನಾನು ಅದರ ಮೇಲೆ ಒಂದು ಲೋಟ ನೀರು ಸುರಿದೆ. ಗಂಟೆ ಹೊಡೆದ ಗಡಿಬಿಡಿಯಲ್ಲಿ ನೀನು ಹಾಗೆಯೇ ಬಾಣಲೆಗೆ ಹಾಕಿದೆ. ಕಾಯಿ ಹುರಿಯಲಿಲ್ಲ, ಬೆಂದುಹೋಯಿತು. ಸರಿಯಾಗಿ ಒರೆಸಲಿಲ್ಲವೇನೋ ಎಂದು ನೀನು ನಿನ್ನನ್ನೇ ಬೈದುಕೊಂಡೆ.

ನಿನ್ನೆ ಬಾಣಸಿಗರಿಗೆ ಎಲ್ಲ ಹೇಳಿಬಿಟ್ಟೆ. ಅವರು ಒಲೆ ಆರಿಸಿದರು. ಆಮೇಲೆ, "ಬರೋ ತಿಂಗಳು ಇನ್ನೊಂದು ಜಾಗ ಖಾಲಿ ಆಗುತ್ತೆ. ಅವಳನ್ನ ಕರ್ಸು. ನೀನಿರೋ ಕಡೆ ಬರ್ತಾಳೋ ಇಲ್ವೋ, ಅದನ್ನೂ ಕೇಳು" ಅಂದರು.

ಬಾರೇ ಪುಟ್ಟಿ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಒಂದು ಸಾಲು ಬರಿ, ನಾನೇ ಬಿಟ್ಟುಹೋಗುತ್ತೇನೆ. ನೀನೂ ಮಗುವೂ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀರು ಸುರಿದದ್ದು ಒಂದು ಕ್ಷಣದ ಹೊಟ್ಟೆಕಿಚ್ಚು. ಆದರೆ ಹೊರಗೆ ಬಂದು ನೀನು ಅಳುತ್ತಿದ್ದಾಗ ತಲೆ ಸವರಿ, "ಅಡುಗೆ ಎಲ್ರಿಗೂ ಒಲಿಯಲ್ಲ ಕಣೆ, ಬಿಟ್ಬಿಡು" ಅಂದೆನಲ್ಲ, ಅದನ್ನು ಯೋಚಿಸಿಯೇ ಅಂದಿದ್ದೆ. ನೀನು ಕಣ್ಣೊರೆಸಿಕೊಂಡು, "ನೀನಾದ್ರೂ ನಿಜ ಹೇಳ್ದೆಯಲ್ಲ ಅಕ್ಕ" ಅಂದೆ.